ಎರಡು ಬೆರಳು ಸಡಿಲ

ಜುಲೈ ೩, ಸೋಮವಾರ

ಕಾಲೇಜು ಎಂಬ ಪದವನ್ನು ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು. ಕಾಲು ಒಂದು, ಏಜು ಒಂದು. ಇಲ್ಲಿ ಕಲಿಸುವುದು ಕೃತಕ ಕಾಲು ಮಾಡುವುದನ್ನು. ನನ್ನ ಏಜು ನಲವತ್ತಮೂರು.

ಗೇಟಿನ ಕಾವಲುಗಾರ ಎದ್ದು ನಿಂತು, "ಮಗಳನ್ನ ಸೇರಿಸೋಕೆ ಬಂದ್ರಾ ಅಮ್ಮ? ಪೋಷಕರ ಸಾಲು ಆ ಕಡೆ" ಎಂದ. ಹೋಗಿ ನಿಂತೆ. ಹತ್ತು ನಿಮಿಷ ನಿಂತ ಮೇಲೆ, ನಾನು ಪೋಷಿಸುತ್ತಿರುವವರು ಯಾರೂ ಇಲ್ಲವೆಂಬುದು ನೆನಪಾಗಿ ಈ ಕಡೆಯ ಸಾಲಿಗೆ ಬಂದೆ. ಅವನ ಸಮವಸ್ತ್ರದ ಭುಜ ಒಂದು ಇಂಚು ಕೆಳಗಿಳಿದಿದೆ. ಯಾರೋ ದಪ್ಪಗಿದ್ದವರಿಗೆ ಹೊಲಿದದ್ದು.

ಪಾಠ ಮಾಡುವವರು ನನಗಿಂತ ಹನ್ನೆರಡು ವರ್ಷ ಚಿಕ್ಕವರು. ತಲೆಯಿಂದ ಷೂವರೆಗೆ ಪ್ಲಾಸ್ಟರ್ ಪುಡಿ. ಗಿರಣಿಯಿಂದ ನೇರ ಬಂದವರ ಹಾಗೆ. ಈ ದಿನಚರಿಯ ಮಟ್ಟಿಗೆ ಅವರು ಹಿಟ್ಟಿನ ಮೇಷ್ಟ್ರು. ಕಾಲರ್ ಒಳಗಿನ ಗಟ್ಟಿಬಟ್ಟೆ ಬಿಟ್ಟುಹೋಗಿದೆ, ಒಂದು ಹೊಲಿಗೆ ಹಾಕಿದರೆ ಸರಿಹೋಗುತ್ತದೆ. ಅವರು ನಿಯಮ ಹೇಳಿದರು: ಡಿಸೆಂಬರ್ ಒಂದರೊಳಗೆ ಪ್ರತಿಯೊಬ್ಬರೂ ಒಬ್ಬ ನಿಜವಾದ ವ್ಯಕ್ತಿಗೆ ಮೊಣಕಾಲಿನ ಕೆಳಗಿನ ಒಂದು ಕಾಲು ಮಾಡಬೇಕು, ಆ ವ್ಯಕ್ತಿ ಅದರಲ್ಲಿ ನಡೆಯಬೇಕು. ನಡೆಯದಿದ್ದರೆ ಮಕ್ಕಳಿಗೆ ಮುಂದಿನ ವರ್ಷ ಮತ್ತೊಂದು ಅವಕಾಶ. ವಯಸ್ಸು ಮೀರಿದವರ ಸೀಟಿಗೆ ಅವಕಾಶ ಒಂದೇ. ತರಗತಿಯಲ್ಲಿ ಆ ಸೀಟು ಒಂದೇ ಇದೆ. ಅದರ ಮೇಲೆ ನಾನು ಕೂತಿದ್ದೆ.

ನನ್ನ ಹೊಲಿಗೆ ಅಂಗಡಿಯ ಬೀಗದ ಕೈ ಅಣ್ಣನ ಹತ್ತಿರ ಕೊಟ್ಟು ಬಂದಿದ್ದೇನೆ. "ನವೆಂಬರ್ ಕೊನೆವರೆಗೂ ಇಟ್ಕೊಂಡಿರ್ತೀನಿ. ಆಮೇಲೆ ಆ ಮೊಬೈಲ್ ಅಂಗಡಿಯವನಿಗೆ ಕೊಟ್ಬಿಡ್ತೀನಿ ನೋಡು. ವಾಪಸ್ ಬರೋ ಹಾಗಿದ್ರೆ ಅಷ್ಟರೊಳಗೆ ಬಾ" ಎಂದಿದ್ದಾನೆ.

ಜುಲೈ ೫, ಬುಧವಾರ

ಹಾಸ್ಟೆಲಿನ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ. ಕಿಟಕಿಯ ಆಚೆ ನೀರಿನ ಟ್ಯಾಂಕು. ಪಕ್ಕದ ಮಂಚದವಳಿಗೆ ಹತ್ತೊಂಬತ್ತು ವರ್ಷ, ಕಿವಿಯ ಮೇಲೆ ಸದಾ ಹೆಡ್‌ಫೋನು. ಬಂದ ದಿನ ಒಂದು ಕಿವಿಯದನ್ನು ಎತ್ತಿ, "ಆಂಟಿ, ಕಿಟಕಿ ಕಡೆ ಮಂಚ ನಂದು" ಎಂದು ಹೇಳಿ ಮುಚ್ಚಿಕೊಂಡಳು. ಕಿವಿಗೆ ಬಾಗಿಲು ಇಟ್ಟುಕೊಂಡವಳನ್ನು ಮೊದಲ ಬಾರಿ ನೋಡಿದೆ. ಅವಳ ಟೀ ಶರ್ಟಿನ ತೋಳು ಸಮ ಇಲ್ಲ, ಎಡಗಡೆ ಅರ್ಧ ಇಂಚು ಉದ್ದ. ಹೇಳೋಣವೆಂದು ಬಾಗಿಲು ತಟ್ಟಲು ಹೋದೆ, ತಟ್ಟಲಿಲ್ಲ.

ಜುಲೈ ೧೯, ಬುಧವಾರ

ಇಂದು ಒಬ್ಬ ಸಹಪಾಠಿ ಕೇಳಿದ: "ಆಂಟಿ, ನೀವ್ಯಾಕೆ ಇಲ್ಲಿಗೆ ಬಂದ್ರಿ?" ಉತ್ತರ ಉದ್ದವಿತ್ತು, ಅವನ ಬಸ್ಸು ಬಂತು. ಇಲ್ಲಿ ಬರೆದಿಡುತ್ತೇನೆ.

ಅಪ್ಪ ಹೋದ ಮೇಲೆ ಭಾಷೆಯ ಪದವಿಯನ್ನು ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿ ಅವರ ಕತ್ತರಿ ಹಿಡಿದೆ. ಇಪ್ಪತ್ತೊಂದು ವರ್ಷ ಪ್ಯಾಂಟು, ಕೋಟು, ಶಾಲೆ ಮಕ್ಕಳ ಸಮವಸ್ತ್ರ. ಜೊತೆಗೆ ಇದ್ದವಳು ಅಂಗಡಿಯ ಮೂಲೆಯ ಗೊಂಬೆ, ತಲೆಯಿಲ್ಲದವಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಎದುರಾಡಿದವಳಲ್ಲ. ಆಮೇಲೆ ಎಲ್ಲರೂ ಸಿದ್ಧ ಉಡುಪು ಕೊಳ್ಳತೊಡಗಿದರು. ಹೊಲಿಯುವವಳು ಬರಬರುತ್ತಾ ಬೇರೆಯವರು ಹೊಲಿದದ್ದನ್ನು ಬಿಚ್ಚುವವಳಾದೆ.

ಒಂದು ದಿನ ಊರುಗೋಲಿನ ಮೇಲೆ ಒಬ್ಬರು ಆರು ಪ್ಯಾಂಟು ತಂದರು. "ಎಡಗಾಲು ಮಡಚಿ ಹೊಲಿದುಬಿಡಿ ಅಮ್ಮ. ಕತ್ತರಿಸಬೇಡಿ ಮತ್ತೆ. ಕಾಲು ಬಂದ್ಮೇಲೆ ಬಿಚ್ಚಿಸ್ಕೋತೀನಿ." ಹೊಲಿದುಕೊಟ್ಟೆ. ಎರಡು ವರ್ಷದ ನಂತರ ಗುಂಡಿ ಹಾಕಿಸಲು ಬಂದರು. ಮಡಿಕೆ ಹಾಗೇ ಇತ್ತು. ಕಾಲು ಎಲ್ಲಿ ಎಂದೆ. "ಮಾಡೋರು ಕಡಿಮೆಯಂತೆ. ನನ್ನ ಸರದಿ ಬಂದಿಲ್ಲ" ಎಂದರು, ಬಸ್ಸು ಬಂದಿಲ್ಲ ಎನ್ನುವ ಹಾಗೆ.

ಅಣ್ಣನಿಗೆ ಹೇಳಿದಾಗ ಅವನು, "ಕೈಯಲ್ಲಿರೋ ಕೆಲಸ ಬಿಟ್ಟು ಕಾಲಿನ ಕೆಲಸಕ್ಕೆ ಹೋಗ್ತೀಯಾ?" ಎಂದ. ನಮ್ಮ ಮನೆಯಲ್ಲಿ ಇಂಥ ಮಾತು ಬರುವುದು ನನಗೊಬ್ಬಳಿಗೇ ಎಂದುಕೊಂಡಿದ್ದೆ.

ಆಗಸ್ಟ್ ೧೧, ಶುಕ್ರವಾರ

ಇಂದು ನಾನು ಬಾಯಿಬಿಟ್ಟು ಆಡಿದ ಮಾತುಗಳನ್ನು ಎಣಿಸಿದೆ. "ಹಾಜರ್." "ಸ್ವಲ್ಪ ಸರೀರಿ." "ಚಹಾ, ಸಕ್ಕರೆ ಬೇಡ." "ಇಲ್ಲ, ಯಾರೂ ಕೂತಿಲ್ಲ." ಕೊನೆಯದು ಊಟದ ಮನೆಯಲ್ಲಿ ನನ್ನ ಎದುರಿನ ಕುರ್ಚಿಯ ಬಗ್ಗೆ. ಕೇಳಿದವನು ಕುರ್ಚಿಯನ್ನು ಎತ್ತಿಕೊಂಡು ಹೋದ.

ಆಗಸ್ಟ್ ೨೮, ಸೋಮವಾರ

ನನಗೆ ಸೂಜಿ ಹಿಡಿಯಲು ಬರುತ್ತದೆ ಎಂಬ ಸುದ್ದಿ ಹಬ್ಬಿದೆ. ಕಾಲಿಗೆ ಕಟ್ಟುವ ಚರ್ಮದ ಪಟ್ಟಿಯನ್ನು ನಾನು ಹೊಲಿದದ್ದನ್ನು ಮೇಷ್ಟ್ರು ಎಲ್ಲರಿಗೂ ತೋರಿಸಿದರು. ಆಗಿನಿಂದ ಬಿಳಿ ಕೋಟುಗಳ ಮೆರವಣಿಗೆ. "ಆಂಟಿ, ಇದು ದೊಡ್ಡದು." "ಆಂಟಿ, ಜೇಬು ಕಿತ್ತೋಯ್ತು." ಒಂದು ವಾರದಲ್ಲಿ ಹದಿನಾಲ್ಕು. ಕೋಟು ಬರುತ್ತದೆ, ಕೋಟು ಹೋಗುತ್ತದೆ. ಒಳಗಿನವರು ಕೂರುವುದಿಲ್ಲ.

ಅಂಗಡಿಯಲ್ಲೂ ಹೀಗೇ ಇತ್ತಲ್ಲ. ಆಗ ಅದಕ್ಕೆ ವ್ಯಾಪಾರ ಎಂಬ ಹೆಸರಿತ್ತು.

ಸೆಪ್ಟೆಂಬರ್ ೧೪, ಗುರುವಾರ

ನನ್ನ ಪಾಲಿಗೆ ಬಂದ ಕಾಲಿನ ಒಡತಿಯನ್ನು ಇಂದು ಕಂಡೆ. ಅರವತ್ತಾರು ವರ್ಷ, ನಿವೃತ್ತ ವ್ಯಾಯಾಮ ಶಿಕ್ಷಕಿ. ಸಕ್ಕರೆ ಕಾಯಿಲೆಯಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿದೆ. ಕುತ್ತಿಗೆಯಲ್ಲಿ ಈಗಲೂ ಸೀಟಿ ನೇತಾಡುತ್ತಿದೆ. ಬೂದು ಬಣ್ಣದ ಜಾಕೆಟ್ಟು, ಒಳ್ಳೆಯ ಉಣ್ಣೆ, ಮೂರನೇ ಗುಂಡಿ ಬೇರೆ ಜಾತಿಯದು.

"ಸೀಟಿ ಯಾಕೆ ಟೀಚರ್?"

"ಮೂರನೇ ಮಹಡೀಲಿ ಒಬ್ಬಳೇ ಇರೋದು. ಏನಾದ್ರೂ ಬೇಕಾದ್ರೆ ಊದ್ತೀನಿ, ಕೆಳಗಿನ ಮನೆಯವರು ಬರ್ತಾರೆ. ಮೊದಮೊದಲು ಓಡಿ ಬರೋರು. ಈಗ ನಡೆದು ಬರ್ತಾರೆ."

"ಇವತ್ತು ಹೇಗೆ ಇಳಿದ್ರಿ?"

"ಇಬ್ಬರು ಗಂಡಸರು ಸೋಫಾ ಇಳಿಸಿದ ಹಾಗೆ ಇಳಿಸಿದ್ರು. ತಿರುವಲ್ಲಿ 'ನಿಧಾನ, ಗೋಡೆಗೆ ತಾಗುತ್ತೆ' ಅಂದ. ಗೋಡೆ ಬಗ್ಗೆ ಅವನಿಗೆ ಚಿಂತೆ." ಆಮೇಲೆ ಹೇಳಿದರು: "ನಂಗೆ ಓಡೋದು ಬೇಡ, ಕುಣಿಯೋದು ಬೇಡ. ನನ್ನ ಮೆಟ್ಟಿಲು ನಾನೇ ಇಳಿಯೋ ಹಾಗೆ ಮಾಡು. ಮಾಡ್ತೀಯಾ?"

"ಮಾಡ್ತೀನಿ."

"ಈ ಮುಂಚೆ ಎಷ್ಟು ಕಾಲು ಮಾಡಿದೀಯಾ?"

"ಕಾಲು ಮಾಡಿಲ್ಲ ಟೀಚರ್. ಪ್ಯಾಂಟು ಮಾಡಿದೀನಿ."

"ಹತ್ತಿರ ಬಂದಿದೀಯಾ ಬಿಡು."

ಟೇಪು ತೆಗೆದು ಹತ್ತು ಕಡೆ ಸುತ್ತಳತೆ ಹಿಡಿದೆ. ನನ್ನ ವೇಗ ನೋಡಿ ಮಕ್ಕಳು ಬಾಯಿಬಿಟ್ಟರು. ಎರಡೂವರೆ ತಿಂಗಳಲ್ಲಿ ಮೊದಲ ಬಾರಿ ಇಲ್ಲಿ ನಾನು ಆಂಟಿ ಅಲ್ಲ, ಟೈಲರ್ ಆಗಿದ್ದೆ.

ಸೆಪ್ಟೆಂಬರ್ ೨೯, ಶುಕ್ರವಾರ

ಕೆಲಸದ ಕ್ರಮ ಹೀಗೆ. ಉಳಿದಿರುವ ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುವುದು. ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು ಕಾಲಿನ ಪ್ರತಿರೂಪ ಮಾಡುವುದು. ಅದನ್ನು ಕೆತ್ತಿ ತಿದ್ದಿ, ಮೇಲೆ ಬಿಸಿ ಪ್ಲಾಸ್ಟಿಕ್ ಹೊದಿಸಿದರೆ ಕಾಲು ಕೂರುವ ಬಟ್ಟಲು ಸಿದ್ಧ. ಇಲ್ಲಿ ಅದಕ್ಕೆ ಸಾಕೆಟ್ ಎನ್ನುತ್ತಾರೆ. ಕೆಳಗೆ ಕೊಳವೆ, ಪಾದ. ಎಲ್ಲ ಇರುವುದು ಬಟ್ಟಲಲ್ಲಿ.

ಇಂದು ನನ್ನ ಪ್ರತಿರೂಪ ನಾನು ಬರೆದಿಟ್ಟ ಅಳತೆಗಿಂತ ಚಿಕ್ಕದು ಬಂತು. ಅಚ್ಚು ಸುಳ್ಳು ಹೇಳಬಹುದು, ನನ್ನ ಟೇಪು ಹೇಳುವುದಿಲ್ಲ. ಸುತ್ತಲೂ ಪ್ಲಾಸ್ಟರ್ ಮೆತ್ತಿ ಅಳತೆಗೆ ತಂದೆ. ಮೇಷ್ಟ್ರು ಬಂದು, "ಸ್ವಲ್ಪ ದಪ್ಪ ಕಾಣುತ್ತೆ ಮೇಡಂ. ಅಳತೆ ಇನ್ನೊಂದ್ಸಲ ನೋಡ್ತೀರಾ?" ಎಂದರು. ಅಳತೆ ಪುಸ್ತಕ ತೆಗೆದು ತೋರಿಸಿದೆ. ಹತ್ತಕ್ಕೆ ಹತ್ತೂ ತಾಳೆಯಾಯಿತು. ಅವರು ಏನೋ ಹೇಳಲು ಹೋಗಿ, ವಯಸ್ಸಿಗೆ ಮರ್ಯಾದೆ ಕೊಟ್ಟು ಮುಂದಿನ ಮೇಜಿಗೆ ಹೋದರು. ಅಳತೆಯ ವಿಷಯದಲ್ಲಿ ನನಗೆ ಹೇಳುವವರು ಇನ್ನೂ ಹುಟ್ಟಬೇಕು.

ಅಕ್ಟೋಬರ್ ೧೨, ಗುರುವಾರ

ಟೀಚರ್ ಬಿದ್ದರು.

ಹೊಸ ಕಾಲು ತೊಡಿಸಿ, ಹಿಡಿದು ನಡೆಯುವ ಎರಡು ಕಂಬಿಗಳ ನಡುವೆ ನಿಲ್ಲಿಸಿದೆ. ಸೀಟಿ ಊದಿಕೊಂಡು ಹೊರಟರು. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದರಲ್ಲಿ ಕಾಲು ಬಟ್ಟಲಿನೊಳಗೆ ಕುಸಿದು ತಿರುಗಿತು. ಮೇಷ್ಟ್ರು ಅರ್ಧದಲ್ಲಿ ಹಿಡಿದರು. ಬಿಚ್ಚಿ ನೋಡಿದರೆ ಮೊಣಕಾಲಿನ ಕೆಳಗೆ ಚರ್ಮ ಕಿತ್ತು ರಕ್ತ.

ಟೀಚರ್ ಮುಖ ಬೆಳ್ಳಗಾಗಿತ್ತು. "ಇಪ್ಪತ್ತೆಂಟು ವರ್ಷ ಮಕ್ಕಳು ಬೀಳೋದು ನೋಡಿದೀನಿ. ಎದ್ದೇಳೋ, ಏನಾಗಿಲ್ಲ ಅಂತಿದ್ದೆ. ಆಗುತ್ತೆ ಕಣೆ. ತುಂಬಾ ಆಗುತ್ತೆ."

ಅವರು ಹೋದ ಮೇಲೆ ಮೇಷ್ಟ್ರು ಹೇಳಿದರು: "ಸಡಿಲ ಆಗಿದೆ ಮೇಡಂ. ಬಿಗಿ ಇದ್ರೆ ನೋಯುತ್ತೆ ಅಂತ ಎಲ್ಲರೂ ತಿಳ್ಕೊಂಡಿರ್ತಾರೆ. ಗಾಯ ಮಾಡೋದು ಸಡಿಲ."

"ಅಳತೆ ಸರಿ ಇದೆ ಸರ್. ಈಗ ತಾನೇ ಮತ್ತೆ ಹಿಡಿದೆ. ಅದೇ ಬಂತು."

"ಹಾಗಾದ್ರೆ ತಪ್ಪು ಎಲ್ಲಿದೆ ಅಂತ ನೀವೇ ಹುಡುಕಬೇಕು. ನಾನು ಹುಡುಕಿಕೊಟ್ರೆ ಅದು ನನ್ನ ಕಾಲಾಗುತ್ತೆ, ನಿಮ್ಮದಲ್ಲ."

ಗಾಯ ಮಾಯಲು ನಾಲ್ಕು ವಾರ. ಆಮೇಲೆ ಒಂದೇ ಸಲ ಅಚ್ಚು ತೆಗೆಯಲು ಸಮಯ.

ಅಕ್ಟೋಬರ್ ೧೩, ಶುಕ್ರವಾರ

ಏನೂ ಇಲ್ಲ.

ಅಕ್ಟೋಬರ್ ೧೫, ಭಾನುವಾರ

ಅಣ್ಣ ಫೋನು ಮಾಡಿದ. ಟೀಚರ್ ಬಿದ್ದದ್ದನ್ನು ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಬಂದ್ಬಿಡಮ್ಮ. ಅಂಗಡಿ ಧೂಳು ಹೊಡೆಸಿಡ್ತೀನಿ. ಅತ್ತಿಗೇನೂ ಅದೇ ಹೇಳ್ತಿದಾಳೆ. ಯಾರೂ ನಗಲ್ಲ" ಎಂದ. ಯಾರೂ ನಗಲ್ಲ ಎಂದರೆ ಈಗಾಗಲೇ ನಕ್ಕು ಮುಗಿಸಿದ್ದಾರೆ ಎಂದರ್ಥ.

ಮಧ್ಯಾಹ್ನ ಚೀಲಕ್ಕೆ ಬಟ್ಟೆ ತುಂಬಿದೆ. ಓಡಿಹೋಗುವುದಕ್ಕೆ ಕಾಲಿಗೆ ಬುದ್ಧಿ ಹೇಳುವುದು ಎನ್ನುತ್ತಾರೆ. ಮೂರೂವರೆ ತಿಂಗಳು ಕಾಲಿನ ಪಾಠ ಓದಿ ನನ್ನ ಕಾಲಿಗೆ ಹೇಳಿಕೊಡುತ್ತಿರುವ ಬುದ್ಧಿ ಇದೇ. ಚೀಲ ಅರ್ಧ ತುಂಬಿದ ಮೇಲೆ ಒಣಗಲು ಹಾಕಿದ ಬಟ್ಟೆ ಇನ್ನೂ ಒದ್ದೆ ಇರುವುದು ಗೊತ್ತಾಯಿತು. ಒದ್ದೆ ಬಟ್ಟೆ ಮಡಚಬಾರದು, ಮುಗ್ಗಲು ಹಿಡಿಯುತ್ತದೆ. ಅಪ್ಪನ ನಿಯಮ. ಹಾಗಾಗಿ ಇಂದು ಹೋಗಲಿಲ್ಲ.

ಅಕ್ಟೋಬರ್ ೨೨, ಭಾನುವಾರ

ಇದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಹೆಡ್‌ಫೋನು ತನ್ನ ಬಿಳಿ ಕೋಟು ಹಿಡಿದು ನಿಂತಿತ್ತು. ಎಲ್ಲರ ಕೋಟೂ ಆದ ಮೇಲೆ ಇವಳದು. "ಆಂಟಿ, ಸೊಂಟದಲ್ಲಿ ಸ್ವಲ್ಪ ಹಿಡೀತೀರಾ? ಆಗುತ್ತಾ ಈಗ?" ನನ್ನ ಅರ್ಧ ತುಂಬಿದ ಚೀಲವನ್ನು ನೋಡಿಯೂ ನೋಡದ ಹಾಗಿದ್ದಳು.

ಟೇಪು ಸುತ್ತಿದೆ. ಅವಳು ನುಲಿದಳು.

"ಆಂಟಿ, ಬೆರಳು ತೆಗೀರಿ. ಕಚಗುಳಿ ಆಗುತ್ತೆ."

"ಯಾವ ಬೆರಳು?"

"ಟೇಪಿನೊಳಗೆ ಎರಡು ಬೆರಳು ಇಟ್ಕೊಂಡಿದೀರಲ್ಲ."

ತಗ್ಗಿ ನೋಡಿದೆ. ಇದ್ದವು. ಎಡಗೈಯ ತೋರುಬೆರಳು, ನಡುಬೆರಳು, ಟೇಪಿಗೂ ಹುಡುಗಿಗೂ ನಡುವೆ ತಮ್ಮ ಪಾಡಿಗೆ ತಾವು ಕೂತಿದ್ದವು. ನಾನು ಅವನ್ನು ಅಲ್ಲಿಗೆ ಕಳಿಸಿರಲಿಲ್ಲ.

ನಾನು ಹತ್ತು ವರ್ಷದವಳಿದ್ದಾಗ ಅಪ್ಪ ಹೇಳಿಕೊಟ್ಟ ಮೊದಲ ಪಾಠ ಅದು. "ಟೇಪಿನ ಕೆಳಗೆ ಎರಡು ಬೆರಳು ಇರಲಿ ಮಗಳೇ. ಮನುಷ್ಯ ಉಸಿರಾಡಬೇಕು, ಉಣ್ಣಬೇಕು, ಬಗ್ಗಬೇಕು. ಬಟ್ಟೆ ಮೈಗೆ ತಾಗಿಯೂ ತಾಗದ ಹಾಗಿರಬೇಕು." ಮೂವತ್ತಮೂರು ವರ್ಷ ಆ ಬೆರಳು ತೆಗೆದಿಲ್ಲ. ಟೀಚರ್ ಕಾಲನ್ನು ಎಷ್ಟು ಸಲ ಅಳೆದರೂ ಅದೇ ಬಂದದ್ದು ಅದಕ್ಕೇ. ಅಚ್ಚು ನಿಜ ಹೇಳಿತ್ತು. ನಾನು ಅದರ ಬಾಯಿಗೆ ಪ್ಲಾಸ್ಟರ್ ಮೆತ್ತಿದ್ದೆ.

ಬೆರಳು ತೆಗೆದು ಮತ್ತೆ ಅಳೆದೆ. ವ್ಯತ್ಯಾಸ ಒಂದೂಕಾಲು ಇಂಚು. ಮಂಚದ ಮೇಲೆ ಕೂತುಬಿಟ್ಟೆ. ಅಳತೆ ಮುಗಿದು ಅಳು ಮಾತ್ರ ಉಳಿದಿತ್ತು.

ಹುಡುಗಿ ಹೆಡ್‌ಫೋನು ತೆಗೆದು ಮಂಚದ ಕಂಬಕ್ಕೆ ನೇತುಹಾಕಿ, ಪಕ್ಕದಲ್ಲಿ ಕೂತಳು. ಎಲ್ಲ ಹೇಳಿದೆ. ಅಪ್ಪನಿಂದ ಹಿಡಿದು ಆರು ಪ್ಯಾಂಟಿನವರೆಗೆ. ಅವಳ ಯಾವ ಬಸ್ಸೂ ಬರಲಿಲ್ಲ.

"ನಿನ್ನ ಹಾಡು ನಿಂತೋಯ್ತಲ್ಲ, ಪಾಪ" ಎಂದೆ ಕೊನೆಗೆ.

"ಎಷ್ಟೋ ಸಲ ಹಾಡೇ ಇರಲ್ಲ ಆಂಟಿ. ಯಾರೂ ಮಾತಾಡಿಸದೇ ಇದ್ರೆ ಇದು ಹಾಕ್ಕೊಂಡಿರೋದ್ರಿಂದ ಮಾತಾಡಿಸ್ತಿಲ್ಲ ಅಂದ್ಕೋಬಹುದಲ್ಲ, ಅದಕ್ಕೆ."

ಬಟ್ಟೆ ಒಣಗಿ ಒಂದು ವಾರವಾಯಿತು. ಸಂಜೆ ಚೀಲದಲ್ಲಿದ್ದವನ್ನೂ ತೆಗೆದು ಬೀರುವಿನಲ್ಲಿ ಇಟ್ಟೆ.

ನವೆಂಬರ್ ೯, ಗುರುವಾರ

ಗಾಯ ಮಾಯಿದೆ. ಇಂದು ಎರಡನೇ ಅಚ್ಚು.

ಹೊರಡುವ ಮುಂಚೆ ಹುಡುಗಿ ನನ್ನ ಎಡಗೈಯ ಎರಡು ಬೆರಳನ್ನು ಉಳಿದೆರಡಕ್ಕೆ ಸೇರಿಸಿ ಪಟ್ಟಿ ಕಟ್ಟಿಬಿಟ್ಟಳು, ಕಳ್ಳರನ್ನು ಕಂಬಕ್ಕೆ ಕಟ್ಟುವ ಹಾಗೆ.

"ಕೈಗೇನಾಯ್ತು?" ಟೀಚರ್ ಕೇಳಿದರು.

"ಶಿಕ್ಷೆ ಕೊಟ್ಟಿದೀನಿ. ನಿಮ್ಮನ್ನ ಬೀಳಿಸಿದ್ದು ಇವೇ." ಬೆರಳಿನ ಕಥೆ ಹೇಳಿದೆ, ಕ್ಷಮೆ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಅವತ್ತು ನೀನು ನನ್ನ ಅಳೀಲೇ ಇಲ್ಲ. ನನ್ನ ಸುತ್ತ ಇರೋ ಗಾಳಿ ಅಳೆದೆ."

"ಹೌದು ಟೀಚರ್."

"ಸರಿ. ಈಗ ನನ್ನ ಅಳಿ."

ಪಟ್ಟಿ ಸುತ್ತಿ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದೆ. ಹೆಬ್ಬೆರಳು ಮೊಣಕಾಲಿನ ಚಿಪ್ಪಿನ ಕೆಳಗೆ, ಉಳಿದವು ಹಿಂದೆ. ಗಟ್ಟಿಯಾಗುವವರೆಗೆ ಕದಲಬಾರದು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಕಳೆದ ಸಲವೂ ಆಗಿರಬೇಕು, ಗಮನಿಸಿರಲಿಲ್ಲ. ಒಳಗೆ ಸ್ನಾಯು ಸಣ್ಣಗೆ ಅದುರುತ್ತಿತ್ತು. ಇಲ್ಲದ ಪಾದದ ಬೆರಳನ್ನು ಅವರು ಮಡಿಸಲು ನೋಡುತ್ತಿದ್ದಾರೆಂದು ಕೈಗೆ ಗೊತ್ತಾಯಿತು.

"ನೋಯ್ತಿದೆಯಾ?"

"ಇಲ್ಲ. ಇನ್ನೂ ಒತ್ತು. ಮನೇಲಿ ಯಾರಿದಾರೆ ನಿಂಗೆ?"

"ತಲೆಯಿಲ್ಲದವಳೊಬ್ಬಳು."

"ನನ್ನ ಹತ್ತಿರ ಕಾಲಿಲ್ಲದವಳೊಬ್ಬಳು ಇದಾಳೆ" ಎಂದರು. ನಗಬಾರದು, ಅಚ್ಚು ಅಲುಗುತ್ತದೆ. ಇಬ್ಬರೂ ಹಲ್ಲು ಕಚ್ಚಿ ಕೂತೆವು.

ನವೆಂಬರ್ ೨೫, ಶನಿವಾರ

ಅಣ್ಣ: "ಮೊಬೈಲ್ ಅಂಗಡಿಯವನು ಉತ್ತರ ಕೇಳ್ತಿದಾನೆ. ಮೂವತ್ತಕ್ಕೆ ಹೇಳ್ಬೇಕು. ನಿನ್ನ ಪರೀಕ್ಷೆ ಯಾವತ್ತು?"

"ಒಂದನೇ ತಾರೀಕು."

"ಒಂದು ದಿನ ತಡ್ಕೊ ಅನ್ಲಾ?"

ತಡೆಯಬಹುದಿತ್ತು. ಕಾಲು ನಡೆದರೆ ಕೊಡು, ಬಿದ್ದರೆ ಕೊಡಬೇಡ ಎನ್ನಬಹುದಿತ್ತು. "ಬೇಡ ಅಣ್ಣ. ಕೊಟ್ಬಿಡು" ಎಂದೆ. ಆಮೇಲೆ ಮೆಟ್ಟಿಲ ಮೇಲೆ ಕೂತೆ, ಏಕೆಂದರೆ ಮಂಡಿ ನಡುಗುತ್ತಿತ್ತು. ಮಂಡಿ ನಡುಗುವಾಗ ಭಾರ ಹಿಮ್ಮಡಿಗೆ ಹೋಗುತ್ತದೆ. ಗಮನಿಸಬೇಕಾದ ವಿಷಯ.

"ಆ ಗೊಂಬೆ ಏನ್ಮಾಡ್ಲಿ? ಅವನು ಇಟ್ಕೋತಾನಂತೆ. ಫೋನು ತೋರಿಸೋಕೆ."

"ಅವಳಿಗೆ ಕೈಯೂ ಇಲ್ವಲ್ಲ ಅಣ್ಣ. ಕಿವಿಯೂ ಇಲ್ಲ."

"ಕುತ್ತಿಗೆಗೆ ನೇತುಹಾಕ್ತಾನಂತೆ."

ಇರಲಿ. ಇನ್ನಾದರೂ ನಾಲ್ಕು ಮಾತು ಅವಳ ಹತ್ತಿರ ಸುಳಿಯಲಿ. ಬಾಗಿಲಿಗೆ ಒಂದು ಚೀಟಿ ಅಂಟಿಸಲು ಹೇಳಿದ್ದೇನೆ: ಆರು ಪ್ಯಾಂಟಿನವರು ಬಂದರೆ ನನ್ನ ನಂಬರು ಕೊಡಿ.

ಡಿಸೆಂಬರ್ ೧, ಶುಕ್ರವಾರ

ಹೊರಗಿನಿಂದ ಬಂದ ಪರೀಕ್ಷಕರು ಕುರ್ಚಿಯಲ್ಲಿ ಕೂತರು. ಬಟ್ಟಲೊಳಗೆ ಕಾಲು ಇಳಿಯುವಾಗ ಸಣ್ಣದೊಂದು ಸದ್ದು ಬಂತು, ಡಬ್ಬಿಯ ಮುಚ್ಚಳ ಸರಿಯಾಗಿ ಕೂತಾಗ ಬರುವಂಥದ್ದು. ಟೀಚರ್ ನನ್ನನ್ನು ನೋಡಿ, "ಹಿಡ್ಕೊಂಡಿದೆ" ಎಂದರು.

ಸೀಟಿ ಊದಿದರು. ಪರೀಕ್ಷಕರು ಬೆಚ್ಚಿದರು. ಕಂಬಿಗಳ ನಡುವೆ ಹತ್ತು ಹೆಜ್ಜೆ ಕೇಳಿದ್ದು, ಹತ್ತಾಯಿತು. "ಸಾಕು, ಕೂತ್ಕೊಳ್ಳಿ" ಎಂದರು. ಟೀಚರ್ ಕೂರಲಿಲ್ಲ. ಕಂಬಿ ದಾಟಿ, ಬಾಗಿಲು ದಾಟಿ, ಕೈಯಲ್ಲಿ ಒಂದು ಕೋಲಿನ ಜೊತೆ ಪಡಸಾಲೆಗೆ ಹೊರಟೇಬಿಟ್ಟರು. ಹಿಂದೆ ನಾನು, ನನ್ನ ಹಿಂದೆ ಮೇಷ್ಟ್ರು, ಅವರ ಹಿಂದೆ ಕಾಗದ ಹಿಡಿದ ಪರೀಕ್ಷಕರು. ಪಡಸಾಲೆಯ ಕೊನೆಗೆ ಅಂಗಳಕ್ಕೆ ಇಳಿಯಲು ಐದು ಮೆಟ್ಟಿಲು.

"ಟೀಚರ್, ಇದು ಪರೀಕ್ಷೆಯಲ್ಲಿಲ್ಲ" ಎಂದೆ.

"ನಿನ್ನ ಪರೀಕ್ಷೆ ಮುಗೀತು. ಇದು ನಂದು."

ಇಳಿದರು. ಕೈ ಚಾಚಲು ಹೋದೆ, "ತೆಗಿ" ಎಂದರು. ತೆಗೆದೆ. ಕೆಳಗೆ ನಿಂತು ಒಮ್ಮೆ ಉಸಿರು ಬಿಟ್ಟು, "ಎಡ, ಬಲ, ಎಡ" ಎಂದು ತಮಗೇ ಹೇಳಿಕೊಳ್ಳುತ್ತಾ ಗೇಟಿನತ್ತ ಹೋದರು. ಕಾವಲುಗಾರ ಎದ್ದು ನಿಂತ. ಅವರು ಹಿಂತಿರುಗಿ ನೋಡಲಿಲ್ಲ. ಹೊಸ ಕಾಲಿನಲ್ಲಿ ಹಿಂತಿರುಗಬಾರದೆಂದು ನಾನೇ ಹೇಳಿಕೊಟ್ಟದ್ದು. ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಮೇಷ್ಟ್ರು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗುರುತು ಹಾಕಿ ತೋರಿಸಿದರು. ತೇರ್ಗಡೆ. "ಬರೋ ವಾರ ಇಬ್ಬರು ಕಾಯ್ತಿದಾರೆ. ಇಬ್ಬರೂ ನಿಮಗೇ" ಎಂದರು.

ಕೋಣೆಯಲ್ಲಿ ಹುಡುಗಿ ರಜೆಗೆ ಊರಿಗೆ ಹೊರಡಲು ಚೀಲ ಕಟ್ಟುತ್ತಿದ್ದಳು. ಅವಳ ಪರೀಕ್ಷೆಯೂ ಇಂದೇ, ಬೇರೆ ಕೋಣೆಯಲ್ಲಿ; ಪಾಸಾಗಿದ್ದಾಳೆ. ಹತ್ತು ದಿನ ಈ ಕಿಟಕಿ, ಟ್ಯಾಂಕು, ನಾನು.

"ಹೇಗಿತ್ತು ಆಂಟಿ? ಎಲ್ಲಾ ಹೇಳಿ. ಟೀಚರ್ ಹೇಗಿದ್ರು?"

"ಹಿಮ್ಮಡಿ ಮೊದಲು ಊರ್ತಾರೆ. ಎಡ ಮಂಡಿ ಇಳಿಯೋವಾಗ ಸ್ವಲ್ಪ ಅನುಮಾನ ಪಡುತ್ತೆ, ಆಮೇಲೆ ನಂಬುತ್ತೆ. ಮೂರನೇ ಮೆಟ್ಟಿಲಲ್ಲಿ ಉಸಿರು ಹಿಡಿದ್ರು. ಸೊಂಟ ಬಲಕ್ಕೆ ವಾಲುತ್ತೆ, ಅದನ್ನ ತಿದ್ದಬೇಕು."

"ಅದಲ್ಲ ಆಂಟಿ. ಪರೀಕ್ಷೆ ಅಂತ ಹೊಸ ಬಟ್ಟೆ ಹಾಕ್ಕೊಂಡು ಬರ್ತೀನಿ ಅಂದಿದ್ರು ಅಂತ ನೀವೇ ಹೇಳಿದ್ರಲ್ಲ. ಏನು ಹಾಕ್ಕೊಂಡಿದ್ರು?"

ಅವಳು ಬಸ್ಸಿಗೆ ಹೋಗಿ ಎರಡು ಗಂಟೆಯಾಯಿತು. ಇನ್ನೂ ಯೋಚಿಸುತ್ತಿದ್ದೇನೆ. ಬಣ್ಣ ಗೊತ್ತಿಲ್ಲ. ಗುಂಡಿ ಎಷ್ಟಿದ್ದವೋ ಗೊತ್ತಿಲ್ಲ. ಏನೋ ಒಂದು ಹಾಕಿಕೊಂಡಿದ್ದರು. ಸರಿಯಾಗಿಯೇ ಹೊಲಿದಿದ್ದಿರಬೇಕು.